ಸೊಪ್ಪಿನಜ್ಜನವರು ಕೂಗಿಸಿದ ಹೆಸರು

ಕಾರೇಕಟ್ಟಿ ಗುಡ್ಡದ ನೆತ್ತಿಯಲ್ಲಿ, ಮೂರು ಕಡೆ ಬಂಡೆ, ಒಂದು ಕಡೆ ಹುಲ್ಲಿನ ತಟ್ಟಿ ಇದ್ದ ಗವಿಯಲ್ಲಿ, ಪರಮಪೂಜ್ಯ ಶ್ರೀ ನಿರಂಜನಮೂರ್ತಿ ಮಹಾಸ್ವಾಮಿಗಳು ನಲವತ್ತೆರಡು ವರ್ಷ ವಾಸವಾಗಿದ್ದರು. ಅವರ ಆಸ್ತಿಯೆಂದರೆ ಒಂದು ಕಂಬಳಿ, ಸೊಪ್ಪು ಕುಟ್ಟುವ ಒಂದು ಕಲಬತ್ತು, ನೀರಿಗೊಂದು ಸೋರೆಬುರುಡೆ. ಬೇರೆ ಊರಿನವರು ತಮ್ಮ ಮಠಕ್ಕೆ ಆನೆ ಇತ್ತು, ಅಂಬಾರಿ ಇತ್ತು ಎಂದು ಹೇಳಿಕೊಳ್ಳುತ್ತಾರೆ. ಹೇಳಿಕೊಳ್ಳಲಿ. ನಮ್ಮ ಪೂಜ್ಯರ ಹತ್ತಿರ ಸೊಪ್ಪಿತ್ತು. ಏಳು ತಾಲೂಕಿನ ಕೆಮ್ಮು, ಕಾಮಾಲೆ, ಚೇಳಿನ ವಿಷಗಳು ಆ ಸೊಪ್ಪಿನ ಹೆಸರು ಕೇಳಿದರೆ ಅಂಜುತ್ತಿದ್ದವು.

ಪಟ್ಟದ ಹೆಸರನ್ನು ಪೂರ್ತಿ ಹೇಳುವುದರೊಳಗೆ ಕಚ್ಚಿಸಿಕೊಂಡವನಿಗೆ ವಿಷ ತಲೆಗೇರೀತು ಎಂದು ಪೂಜ್ಯರೇ ನಗುತ್ತಿದ್ದರಂತೆ. ಅದಕ್ಕೆ ಜನ ಅವರನ್ನು ಸೊಪ್ಪಿನಜ್ಜ ಎಂದರು, ಅವರೂ ಆ ಹೆಸರಿಗೇ ಓಗೊಟ್ಟರು.

ಗುಡ್ಡದ ಮೇಲೆ ಅವರು ಮಾಡಿಟ್ಟ ಕಟ್ಟಳೆ ಒಂದೇ. ಯಾವ ಗಿಡವನ್ನಾಗಲಿ ಕೀಳುವ ಮೊದಲು ಅದನ್ನು ಮುಟ್ಟಿ ಅದರ ಹೆಸರು ಹೇಳಬೇಕು. ಆಮೇಲೆ ಯಾರ ಸಲುವಾಗಿ ಒಯ್ಯುತ್ತೇವೋ ಅವರ ಹೆಸರು ಹೇಳಬೇಕು. ‘ನೆಲನೆಲ್ಲಿ ತಾಯಿ, ನಮ್ಮ ದುರಗಪ್ಪಗ ಕಾಮಾಲಿ ಆಗೇತಿ, ಬಾರವ್ವಾ’ ಎಂದು ಕೈಮುಗಿದ ಮೇಲೇ ಎಲೆಗೆ ಕೈ ಹಚ್ಚಬೇಕು. ಎರಡು ಹೆಸರು ಕೂಡದೆ ಕಿತ್ತ ಸೊಪ್ಪನ್ನು ಪೂಜ್ಯರು ಕಲಬತ್ತಿಗೆ ಹಾಕುತ್ತಿರಲಿಲ್ಲ. ಶ್ರಾವಣದ ಮೂರನೆಯ ಸೋಮವಾರಕ್ಕೆ ನಮ್ಮಲ್ಲಿ ಸೊಪ್ಪಿನ ಸೋಮವಾರ ಎನ್ನುತ್ತಾರೆ. ಅಂದು ಸುತ್ತಲಿನ ಹಳ್ಳಿಗಳ ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ಗುಡ್ಡ ಹತ್ತಿ, ವರ್ಷಕ್ಕಾಗುವಷ್ಟು ಔಷಧಿಯ ಸೊಪ್ಪು ಒಯ್ಯುತ್ತಿದ್ದರು.

ಅಂಥ ಒಂದು ಸೋಮವಾರ ನಡೆದದ್ದು ಇದು. ಇದನ್ನು ಅಲ್ಲಿ ಇಲ್ಲಿ ಬೇರೆಯವರೂ ಹೇಳುತ್ತಾರೆ, ಅರ್ಧ ತಪ್ಪು ಹೇಳುತ್ತಾರೆ. ಕಣ್ಣಾರೆ ಕಂಡ ಮಾಸ್ತರರು ಇಳಿದುಕೊಂಡಿದ್ದದ್ದು ನಮ್ಮ ಮನೆಯ ಪಡಸಾಲೆಯಲ್ಲಿ. ಅವರ ಬಾಯಿಂದ ಕೇಳಿದವರು ನಮ್ಮ ಮುತ್ತಜ್ಜ ಯಂಕಪ್ಪನವರು. ಹಾಗಾಗಿ ಇದನ್ನು ಇದ್ದದ್ದು ಇದ್ದ ಹಾಗೆ ಹೇಳುವ ಮನೆ ಈ ಸೀಮೆಯಲ್ಲಿ ನಮ್ಮದೊಂದೇ.

ಆ ಮಾಸ್ತರರು ಶೇಷಗಿರಿರಾವ್ ಗಲಗಲಿ. ಧಾರವಾಡದ ಕಡೆಯ ಒಂದು ಕಾಲೇಜಿನಲ್ಲಿ ಗಿಡಗಳ ಶಾಸ್ತ್ರ ಕಲಿಸುತ್ತಿದ್ದ ದೊಡ್ಡ ವಿದ್ವಾಂಸರು. ಕೋಟು, ಕಚ್ಚೆಪಂಚೆ, ಕಾಲಲ್ಲಿ ಬೂಟು. ನಮ್ಮ ಗುಡ್ಡದ ಗಿಡಗಳನ್ನೆಲ್ಲ ಕಾಗದಗಳ ನಡುವೆ ಒತ್ತಿಟ್ಟು, ಒಂದೊಂದಕ್ಕೂ ಲ್ಯಾಟಿನ್ ಹೆಸರು ಬರೆದು, ಪುಸ್ತಕ ಮಾಡಬೇಕೆಂದು ಬಂದಿದ್ದರು. ಎಂಟು ದಿನ ಗುಡ್ಡ ಅಲೆದು, ಒಂಬತ್ತನೆಯ ದಿನಕ್ಕೆ ಸೊಪ್ಪಿನ ಸೋಮವಾರ ಬಂದಾಗ, ಗವಿಯ ಮುಂದಿನ ಬಂಡೆಯ ಮೇಲೆ ಕಾಗದದ ಕಟ್ಟು ಇಳಿಸಿ ಕೂತರು. ಹೆಂಗಸರು ಗಿಡಗಳ ಜೊತೆ ಮಾತಾಡುವುದನ್ನು ನೋಡಿ ಅವರಿಗೆ ನಗು ತಡೆಯಲಾಗಲಿಲ್ಲ.

“ಅಜ್ಜಾರ, ಒಂದು ಮಾತು ಕೇಳಲೇನ್ರಿ?” ಎಂದರು. “ಈಚೆ ಊರಾಗ ಆಡುಮುಟ್ಟದ ಸೊಪ್ಪು ಅಂದ್ರ ಒಂದು ಗಿಡ ತೋರಸ್ತಾರ. ಹಳ್ಳ ದಾಟಿ ಕೇಳಿದ್ರ ಒಂದು ಬಳ್ಳಿ ತೋರಸ್ತಾರ. ಗಿಡಕ್ಕೂ ಅದ ಹೆಸರು, ಬಳ್ಳಿಗೂ ಅದ ಹೆಸರು! ಇವಕ್ಕ ಹೆಸರು ಅಂತಾರೇನ್ರಿ? ನಮ್ಮ ಶಾಸ್ತ್ರದಾಗ ಒಂದು ಗಿಡಕ್ಕ ಒಂದ ಹೆಸರು. ಲಂಡನ್ನಿಗೆ ಹೋದ್ರೂ ಅದ, ಧಾರವಾಡಕ್ಕ ಬಂದ್ರೂ ಅದ.”

ಪೂಜ್ಯರು ಕಲಬತ್ತಿನ ಕೈ ನಿಲ್ಲಿಸಲಿಲ್ಲ. “ಎರಡನ್ನೂ ಆಡು ಮುಟ್ಟೂದಿಲ್ಲ, ಮಾಸ್ತರ. ಆಡು ಕಾಯಾಂವ ನೋಡಿ ಇಟ್ಟಾನ.”

“ಆಡು ಕಾಯಾಂವ ಏನು ಶಾಸ್ತ್ರ ಬಲ್ಲ?”

“ಆಡು ಉಳೀಬೇಕಾಗಿತ್ತು ಅವಗ.”

ಮಾಸ್ತರರು ಅಷ್ಟಕ್ಕೇ ಬಿಡುವವರಲ್ಲ. “ಆತು ಬಿಡ್ರಿ. ಆದ್ರ ಗಿಡದ ಮುಂದ ನಿಂತು ಹೆಸರು ಹೇಳೂದು ಯಾಕ? ಗಿಡಕ್ಕೇನು ಕಿವಿ ಅದಾವ?”

“ಗಿಡದ್ದು ನನಗ ಗೊತ್ತಿಲ್ಲ,” ಎಂದು ಪೂಜ್ಯರು ಮಂದಹಾಸ ಬೀರಿದರು. “ಹೇಳಿದವರ ಕಿವಿಗೆ ಬೀಳತೈತಿ.”

ಸೊಪ್ಪು ಆಯುತ್ತಿದ್ದ ಹೆಂಗಸರು ಕಿಸಕ್ಕನೆ ನಕ್ಕರು. ಮಾಸ್ತರರ ಮುಖ ಕೆಂಪಾಯಿತು.

ಅಷ್ಟೊತ್ತಿಗೆ ಗುಡ್ಡದ ಆಚೆ ಮಗ್ಗುಲಿನ ತೊಂಡಿಹಾಳದಿಂದ ಫಕೀರವ್ವ ಎಂಬ ಹೆಣ್ಣುಮಗಳು ಬಂದಳು. ಅವಳ ಸೆರಗು ಹಿಡಿದು ಐದು ವರ್ಷದ ಒಂದು ಹುಡುಗಿ. ಎಲುಬಿಗೆ ತೊಗಲು ಅಂಟಿದ ಮೈ, ಕಣ್ಣು ಮಾತ್ರ ಬಟ್ಟಲಗಲ. ಹುಡುಗಿಗೆ ನಾಯಿಕೆಮ್ಮು. ಕೆಮ್ಮತೊಡಗಿದರೆ ಉಸಿರು ಒಳಗೇ ಸಿಕ್ಕಿ ತುಟಿ ನೀಲಿಯಾಗುತ್ತಿತ್ತು. ಫಕೀರವ್ವ ಪೂಜ್ಯರ ಪಾದಕ್ಕೆ ತಲೆ ಹಚ್ಚಿ, ಅವರು ತೋರಿಸಿದ ಆಡುಮುಟ್ಟದ ಗಿಡದ ಮುಂದೆ ಹೋಗಿ ನಿಂತಳು. ಎಲೆ ಮುಟ್ಟಿದಳು. ಗಿಡದ ಹೆಸರು ಹೇಳಿದಳು. ಎರಡನೆಯ ಹೆಸರು ಹೇಳದೆ ಕೀಳಹೋದಳು.

“ಯಾರ ಸಲುವಾಗಿ, ಹೇಳವ್ವಾ,” ಎಂದಳು ಪಕ್ಕದಲ್ಲಿದ್ದ ಮುದುಕಿ ಶಿವಗಂಗವ್ವ.

“ನನ್ನ ಕೂಸಿಗೆ.”

“ಕೂಸಂತೂ ಎಲ್ಲಾರ ಮನ್ಯಾಗ ಅದಾವ. ಹೆಸರು ಹೇಳು.”

ಫಕೀರವ್ವ ನೆಲ ನೋಡಿದಳು. “ಹೆಸರು ಇಟ್ಟಿಲ್ಲ.”

ಸುತ್ತಲಿದ್ದವರ ಕೈಗಳು ನಿಂತವು. ಐದು ವರ್ಷದ ಮಗುವಿಗೆ ಹೆಸರಿಲ್ಲ ಎಂದರೆ ಯಾರು ನಂಬುತ್ತಾರೆ? ನಮ್ಮ ಕಡೆ ಹುಟ್ಟಿದ ಹದಿಮೂರನೆಯ ದಿನ ತೊಟ್ಟಿಲಿಗೆ ಹಾಕಿ ಹೆಸರು ಕರೆಯದಿದ್ದರೆ ಓಣಿಯ ನಾಯಿಯೂ ಆ ಮನೆಯ ಮುಂದೆ ನಿಂತು ಕೇಳುತ್ತದೆ. ಫಕೀರವ್ವ ಅಳಲಿಲ್ಲ, ಅತ್ತು ಮುಗಿದಿತ್ತು. ಒಂದೊಂದೇ ಹೇಳಿದಳು. ಮೊದಲನೆಯದಕ್ಕೆ ರುದ್ರಪ್ಪ ಎಂದು ಮಾವನ ಹೆಸರಿಟ್ಟಳು. ಹೆಸರಿಟ್ಟ ಮೇಲೆ ಒಂಬತ್ತೇ ದಿನ ಬದುಕಿತು. ಎರಡನೆಯದಕ್ಕೆ ಗೌರವ್ವ ಎಂದು ದೇವಿಯ ಹೆಸರಿಟ್ಟಳು. ಹಲ್ಲು ಹುಟ್ಟುವ ಮೊದಲೇ ಹೋಯಿತು. ಹೊಲಸು ಹೆಸರಿಟ್ಟರೆ ಸಾವು ಮೂಗು ಮುಚ್ಚಿಕೊಂಡು ಮುಂದೆ ಹೋಗುತ್ತದೆ ಎಂದು ಹಿರಿಯರು ಹೇಳಿದರು. ಮೂರನೆಯದನ್ನು ತಿಪ್ಪೆಯ ಮೇಲೆ ಹೊರಳಾಡಿಸಿ ತಿಪ್ಪವ್ವ ಎಂದು ಕರೆದಳು. ಅದೂ ಉಳಿಯಲಿಲ್ಲ.

“ಹೆಸರು ಇಟ್ಟಕೂಡ್ಲೆ ಅದಕ್ಕ ಗುರ್ತು ಸಿಗತೈತ್ರಿ ಯಪ್ಪಾ,” ಎಂದಳು, ಸಾವು ಎಂಬ ಮಾತನ್ನು ಬಾಯಲ್ಲಿ ಆಡದೆ. “ಅದಕ್ಕ ಇದಕ್ಕ ಇಡಲಿಲ್ಲ. ಯಾರು ಕರದ್ರೂ ‘ಓ’ ಅನಬ್ಯಾಡ, ಸುಮ್ಮನ ಅಡಗಿ ಕುಂದ್ರು ಅಂತ ಕಲಿಸೀನಿ. ಐದು ವರ್ಷ ಉಳದೈತಿ.”

ಮಾಸ್ತರರು ತಲೆ ಕೊಡವಿದರು. “ಹೆಸರಿಲ್ಲದ ಗಿಡ ಎಂಟು ದಿನ ಹುಡುಕಿದೆ, ಒಂದೂ ಸಿಗಲಿಲ್ಲ,” ಎಂದು ಹಾಸ್ಯ ಮಾಡಿದರು. “ಹೆಸರಿಲ್ಲದ ಹುಡುಗಿ ಸಿಕ್ಕಳು. ಎಂಥಾ ಮೌಢ್ಯರೀ ಇದು!”

ಶಿವಗಂಗವ್ವ ಬಿಡಲಿಲ್ಲ. “ಏ ಕೋಟಿನ ರಾಯಾ, ಮೂರು ಕೂಸು ಮಣ್ಣಿಗೆ ಇಟ್ಟು ಬಾ, ಆಮ್ಯಾಲೆ ನಗು.”

ಪೂಜ್ಯರು ಎದ್ದರು. ಆ ಹುಡುಗಿಯ ತಲೆಯ ಮೇಲೆ ಒಂದು ಕೈ, ಎಲೆಯ ಮೇಲೆ ಒಂದು ಕೈ ಇಟ್ಟು “ಈಕಿಗೆ” ಎಂದು ಅಪ್ಪಣೆ ಕೊಟ್ಟು, ತಾವೇ ಸೊಪ್ಪು ಕಿತ್ತು, ಜೇನು ಕೂಡಿಸಿ ಅರೆದು ನೆಕ್ಕಿಸಿದರು. ಕಟ್ಟಳೆ ಮಾಡಿದವರೇ ಕಟ್ಟಳೆ ಮೀರಿದ್ದನ್ನು ಗುಡ್ಡ ಅಂದೇ ಮೊದಲು ಕಂಡದ್ದು. ಅವರು ಬುದ್ಧಿ ಹೇಳಲಿಲ್ಲ, ಬೈಯಲಿಲ್ಲ. ಫಕೀರವ್ವನ ಕೈ ಹಿಡಿದು, ಅಂಗೈಯನ್ನು ಒಂದು ಗಳಿಗೆ ನೋಡಿ ಬಿಟ್ಟರು, ಅಷ್ಟೇ.

ಔಷಧಿ ನೆಕ್ಕಿದ ಹುಡುಗಿ ಉಳಿದ ಮಕ್ಕಳ ಹಿಂದೆ ಹಳ್ಳದ ಕಡೆ ಇಳಿದು ಹೋಯಿತು. ಐವತ್ತು ಮಕ್ಕಳು ಹಳ್ಳದ ಮರಳಿನಲ್ಲಿ ಆಡುತ್ತಿದ್ದವು. ಹಳ್ಳದಲ್ಲಿ ನೀರು ಪಾದ ಮುಳುಗುವಷ್ಟೂ ಇರಲಿಲ್ಲ. ಗವಿಯ ಮೇಲೆ ಬಿಸಿಲು ಹೊಳೆಯುತ್ತಿತ್ತು. ಆದರೆ ಮೇಲಿನ ಗುಡ್ಡದ ಸಾಲು ಕಾಡಿಗೆ ಬಳಿದಂತೆ ಕಪ್ಪಾಗಿತ್ತು. ನಮ್ಮ ಹಳ್ಳದ ಸ್ವಭಾವ ತಿಳಿಯದವರು ಮೋಸ ಹೋಗುವುದು ಇಲ್ಲಿಯೇ. ಮಳೆ ಅಲ್ಲಿ ಬೀಳುತ್ತದೆ, ನೀರು ಇಲ್ಲಿ ಬರುತ್ತದೆ. ಎತ್ತು ಗಾಡಿ ಸಮೇತ ಹೊತ್ತುಕೊಂಡು ಹೋದ ಹಳ್ಳ ಅದು.

ಪೂಜ್ಯರು ಕುಟ್ಟುವುದನ್ನು ನಿಲ್ಲಿಸಿ, ಬಂಡೆಗೆ ಕಿವಿ ಹಚ್ಚಿದರು. “ಹಳ್ಳ ಬರಾಕ ಹತ್ತೈತಿ,” ಎಂದರು. “ಮಕ್ಕಳನ್ನ ಕರೀರಿ.”

ಹೆಂಗಸರು ದಂಡೆಗೆ ಓಡಿದರು. ಗುಡ್ಡದ ತುಂಬ ಹೆಸರುಗಳು ಎದ್ದವು. ನಿಂಗವ್ವಾ! ದುರಗಪ್ಪಾ! ಏ ಹನಮೀ! ಯಮನೂರಾ! ಕಲ್ಲವ್ವಾ! ಒಂದೊಂದು ಹೆಸರಿಗೆ ಒಂದೊಂದು ಮಗು ಮರಳಿನಿಂದ ತಲೆ ಎತ್ತಿ, “ಓ” ಎಂದು ಓಡಿ ಬಂತು. ಬಾವಿಯಿಂದ ಹಗ್ಗ ಜಗ್ಗಿ ಕೊಡ ಎತ್ತಿದ ಹಾಗೆ ತಾಯಂದಿರು ಹೆಸರು ಜಗ್ಗಿ ಮಕ್ಕಳನ್ನು ಎತ್ತಿಕೊಂಡರು. ಗಳಿಗೆಯೊಳಗೆ ಮರಳು ಖಾಲಿಯಾಯಿತು.

ಫಕೀರವ್ವನ ಹುಡುಗಿ ಬರಲಿಲ್ಲ.

“ಏ ಕೂಸೇ!” ಎಂದು ಕೂಗಿದರು. “ಏ ಹುಡುಗೀ! ಬಾ ಇಲ್ಲೆ!” ಮೇಲೆ ಬಂದಿದ್ದ ಇಪ್ಪತ್ತು ಹುಡುಗಿಯರು ತಮ್ಮನ್ನೇ ಕರೆದರೆಂದು ತಿರುಗಿ ನೋಡಿದರು. ಹಳ್ಳದಿಂದ ಮಾತ್ರ ಸದ್ದಿಲ್ಲ. ಹಳ್ಳದ ಉದ್ದಕ್ಕೂ ಆಳೆತ್ತರದ ಲಕ್ಕಿಗಿಡಗಳ ಪೊದೆ. ಯಾವುದರ ಹಿಂದೆ ಅಂತ ಹುಡುಕುವುದು? ಮಾಸ್ತರರು ಕಾಗದದ ಕಟ್ಟನ್ನು ಬಗಲಲ್ಲಿ ಹಿಡಿದೇ ಮರಳಿಗೆ ಇಳಿದು, ಅದನ್ನು ಅಲ್ಲೇ ಇಳಿಸಿ, ಒಂದೊಂದೇ ಪೊದೆ ಸರಿಸಿ ನೋಡುತ್ತ ಓಡಾಡಿದರು. ಮೇಲಿನ ತಿರುವಿನಲ್ಲಿ ಗುಡುಗಿನಂಥ ಸದ್ದು ಎದ್ದಿತು. ಅದು ಗುಡುಗಲ್ಲ, ಬಂಡೆಗಳನ್ನು ಉರುಳಿಸಿಕೊಂಡು ಬರುತ್ತಿದ್ದ ನೀರು.

“ಏನ್ ನೋಡ್ತಿಯವ್ವಾ, ಹೆಸರು ಹಿಡದು ಕರಿ!” ಎಂದು ಮಾಸ್ತರರು ಗಂಟಲು ಹರಿಯುವಂತೆ ಕೂಗಿದರು. ಕೂಗಿದ ಮೇಲೆ ನೆನಪಾಗಿ, ಬಾಯಿ ತೆರೆದದ್ದು ಹಾಗೇ ಉಳಿಯಿತು.

ಫಕೀರವ್ವ ದಂಡೆಯ ಮೇಲೆ ನಿಂತಿದ್ದಳು. ಬಾಯಿಗೆ ಬಂದ ಮಾತೊಂದನ್ನು ಮತ್ತೆ ಮತ್ತೆ ನುಂಗುತ್ತಿದ್ದಳು. ಪೂಜ್ಯರು ಅವಳ ಪಕ್ಕಕ್ಕೆ ಬಂದು ನಿಂತರು.

“ಕರಿ, ಮಗಳ.”

“ಏನಂತ ಕರೀಲಿ ಯಪ್ಪಾ? ಹೆಸರು ಎಲ್ಲೈತಿ?”

“ಬೀಸುಕಲ್ಲಿನ ಮುಂದ ಏನಂತ ಕರೀತಿ, ಹಂಗ ಕರಿ.”

ಫಕೀರವ್ವ ಹೌಹಾರಿ ಪೂಜ್ಯರ ಮುಖ ನೋಡಿದಳು. ಗಂಡನಿಗೂ ಗೊತ್ತಿರದ, ಹೆತ್ತ ತಾಯಿಗೂ ಹೇಳಿರದ ಮಾತು ಅದು. ಬೆಳಗಿನ ಹೊತ್ತು ಹುಡುಗಿಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಜೋಳ ಬೀಸುವಾಗ, ಕಲ್ಲು ಗರಗರ ತಿರುಗುವ ಸದ್ದಿನ ಕೆಳಗೆ ಬಚ್ಚಿಟ್ಟು, ಹಾಡಿನ ನಡುವೆ ಅವಳೊಂದು ಹೆಸರು ಹಾಡುತ್ತಿದ್ದಳು. ಕಲ್ಲಿನ ಸದ್ದಿನಲ್ಲಿ ಸಾವಿಗೆ ಅದು ಕೇಳಿಸಲಾರದು ಎಂಬ ಧೈರ್ಯ. ಮಗು ನಿದ್ದೆಯಲ್ಲಿದೆ ಎಂಬ ನಂಬಿಕೆ.

“ಈ ಬಯಲಾಗ ಕರದ್ರ… ಅದಕ್ಕ ಕೇಳತೈತ್ರಿ ಯಪ್ಪಾ!”

“ಅದಕ್ಕ ಹೆಸರು ಬೇಕಾಗಿಲ್ಲ, ಮಗಳ. ಹೆಸರಿಲ್ಲದಾರನ್ನೂ ಒಯ್ಯತೈತಿ,” ಎಂದರು ಪೂಜ್ಯರು. “ಹೆಸರು ಬೇಕಾಗಿದ್ದು ಉಳಿಸಿಕೊಳ್ಳಾರಿಗೆ.”

ಫಕೀರವ್ವ ಎರಡೂ ಕೈಯಿಂದ ಎದೆ ಹಿಡಿದುಕೊಂಡು, ಐದು ವರ್ಷ ನುಂಗಿದ್ದನ್ನು ಒಮ್ಮೆಗೇ ಹೊರಗೆ ಬಿಟ್ಟಳು.

“ಬಾಳವ್ವಾ!”

ಬಾಳವ್ವ ಎಂದರೆ ಬಾಳು ತಾಯಿ, ಬದುಕು ತಾಯಿ ಎಂದು. ನಮ್ಮ ಕಡೆ ಯಾರಿಗಾದರೂ ಬಾಳಪ್ಪ, ಬಾಳವ್ವ ಎಂದು ಹೆಸರಿದ್ದರೆ, ಆ ಮನೆಯಲ್ಲಿ ಅವರಿಗಿಂತ ಮೊದಲು ಹುಟ್ಟಿದ ಯಾರೋ ಉಳಿದಿಲ್ಲ ಎಂದು ತಿಳಿಯಬೇಕು. ಓದಿದವರು ಇಂಥ ಹೆಸರು ಕೇಳಿ ಹಳ್ಳಿಗಾಡಿನದು ಎಂದು ಮೂಗು ಮುರಿಯುತ್ತಾರೆ. ಅದು ತಾಯಿಯೊಬ್ಬಳು ದೇವರಿಗೆ ಬರೆದ ಅರ್ಜಿ ಎಂಬುದು ಅವರಿಗೇನು ಗೊತ್ತು?

ಆ ಕೂಗು ಎದುರಿನ ಬಂಡೆಗೆ ಬಡಿದು ತಿರುಗಿ ಬಂತು. ಅದರ ಹಿಂದೆಯೇ, ಮಾಸ್ತರರು ನಿಂತಲ್ಲಿಂದ ಹತ್ತು ಮಾರು ದೂರದ ಒಂದು ಲಕ್ಕಿಪೊದೆಯೊಳಗಿಂದ, ಸಣ್ಣ ದನಿ ಬಂತು.

“ಓ ಯವ್ವಾ!”

ಮಾಸ್ತರರು ಅದೇ ಪೊದೆಯ ಮುಂದಿನಿಂದ ಎರಡು ಸಲ ಹಾದುಹೋಗಿದ್ದರು. ಈಗ ಹಾರಿ ಹೋಗಿ ಕೊಂಬೆ ಸರಿಸಿದರು. ತಾಯಿ ಕಲಿಸಿದ ಹಾಗೆ ಮೊಣಕಾಲಲ್ಲಿ ಮುಖ ಹುದುಗಿಸಿ ಅಡಗಿ ಕೂತಿದ್ದ ಹುಡುಗಿಯನ್ನು ಬಗಲಿಗೆ ಎತ್ತಿಕೊಂಡು ಓಡಿದರು. ಕೆಂಪು ನೀರು ತಿರುವು ದಾಟಿ ಬಂದಾಗ ಅವರಿನ್ನೂ ದಂಡೆ ಮುಟ್ಟಿರಲಿಲ್ಲ. ಮೊಣಕಾಲು, ತೊಡೆ, ನಡು. ಶಿವಗಂಗವ್ವ ತನ್ನ ಸೀರೆಯ ಸೆರಗನ್ನು ಎಸೆದಳು, ನಾಲ್ಕು ಹೆಂಗಸರು ಅವಳ ನಡು ಹಿಡಿದು ಜಗ್ಗಿದರು. ಮಾಸ್ತರರು ಕೆಸರಿನಲ್ಲಿ ಹೊರಳಿ ಮೇಲೆ ಬಂದಾಗ ಒಂದು ಕಾಲಿನ ಬೂಟು ಇರಲಿಲ್ಲ. ಹುಡುಕುವಾಗ ಮರಳಿನ ಮೇಲೆ ಇಳಿಸಿದ್ದ ಕಾಗದದ ಕಟ್ಟು, ಎಂಟು ದಿನ ದುಡಿದು ಒತ್ತಿದ ಗಿಡ, ಬರೆದ ಹೆಸರು ಎಲ್ಲ ನೀರಿನ ಪಾಲಾಗಿತ್ತು. ಅವರು ತಿರುಗಿ ನೋಡಲಿಲ್ಲ. ಹುಡುಗಿಯನ್ನು ತಾಯಿಯ ತೊಡೆಗೆ ಹಾಕಿ ಅಲ್ಲೇ ಕೂತುಬಿಟ್ಟರು.

ಫಕೀರವ್ವ ಅತ್ತಳು. ಮಗಳ ಮುಖ ಹಿಡಿದು “ನಿನಗ ಹೆಂಗ ಗೊತ್ತು? ನಿನಗ ಹೆಂಗ ಗೊತ್ತು ನಿನ್ನ ಹೆಸರು?” ಎಂದು ಒಂದೇ ಸಮ ಕೇಳಿದಳು.

ಹುಡುಗಿಗೆ ಇದೇನು ಕೇಳುವ ಮಾತು ಎನ್ನಿಸಿತು. “ದಿನಾ ಹಾಡ್ತಿಯಲ್ಲ,” ಎಂದಿತು.

ಗಲಗಲಿ ಮಾಸ್ತರರು ಕೆಸರುಗೈಯನ್ನೇ ಜೋಡಿಸಿ ಪೂಜ್ಯರ ಮುಂದೆ ಬಂದರು. ದನಿ ಮೆತ್ತಗಾಗಿತ್ತು. “ಅಜ್ಜಾರ, ಆಕಿ ಯಾರಿಗೂ ಹೇಳಿದ್ದಿಲ್ಲ. ನಿಮಗ ಹೆಂಗ ತಿಳೀತು?”

ಇಲ್ಲಿ ಬೇರೆ ಮಠದ ಕತೆಯಾಗಿದ್ದರೆ ದಿವ್ಯದೃಷ್ಟಿ ಎಂದು ಬರೆಯುತ್ತಿದ್ದರು. ನಮ್ಮ ಪೂಜ್ಯರಿಗೆ ಅಂಥ ಆಡಂಬರ ಬೇಕಿರಲಿಲ್ಲ, ಕಣ್ಣ ಮುಂದೆ ಇದ್ದದ್ದನ್ನೇ ಕಾಣುವ ಶಕ್ತಿ ಅವರದು.

“ಅಂಗೈಯಾಗ ಬೀಸುಕಲ್ಲಿನ ಗೂಟ ಹಿಡಿದು ಹಿಡಿದು ಎದ್ದ ದಡ್ಡು ಇತ್ತು,” ಎಂದರು. “ಹಾಡದ ಬೀಸೋ ತಾಯಿನ್ನ ನಾ ಕಂಡಿಲ್ಲ, ಮಾಸ್ತರ. ಮಕ್ಕಳ ಹೆಸರಿಲ್ಲದ ಬೀಸೋ ಪದಾನೂ ಕೇಳಿಲ್ಲ.”

ಮಾಸ್ತರರು ಬಾಗಿ ಪೂಜ್ಯರ ಪಾದದ ಮೇಲೆ ಹಣೆಯಿಟ್ಟರು. ಪೂಜ್ಯರೇ ಭುಜ ಹಿಡಿದು ಎಬ್ಬಿಸಿ, ಹೆಂಗಸರ ಕಡೆ ತಿರುಗಿ, “ತೊಟ್ಟಿಲು ಕಟ್ರಿ,” ಎಂದು ಅಪ್ಪಣೆ ಮಾಡಿದರು.

ಪೂಜ್ಯರ ಕಂಬಳಿಯೇ ತೊಟ್ಟಿಲಾಯಿತು. ನಾಲ್ಕು ಹೆಂಗಸರು ನಾಲ್ಕು ಮೂಲೆ ಹಿಡಿದರು. ಐದು ವರ್ಷದ ಕೂಸು ಅದರಲ್ಲಿ ಕಾಲು ಹೊರಗೆ ಚಾಚಿ ಮಲಗಿ ಕಿಲಕಿಲ ನಕ್ಕಿತು. “ಇಷ್ಟು ದೊಡ್ಡ ಬಾಣಂತಿ ಕೂಸು ನಾ ಎಲ್ಲೂ ನೋಡಿಲ್ಲವ್ವಾ,” ಎಂದು ಶಿವಗಂಗವ್ವ ಹಾಸ್ಯ ಮಾಡಿದಳು. ಇನ್ನು ಹೆಸರು ಕರೆಯಬೇಕು. ಕಿವಿಯಲ್ಲಿ ಮೂರು ಸಲ ಹೆಸರು ಹೇಳುವ ಹಕ್ಕು ತಂದೆಯ ಅಕ್ಕತಂಗಿಯದು, ಅಂದರೆ ಕೂಸಿನ ಸೋದರತ್ತೆಯದು. ಅವಳು ಹೆಸರು ಹೇಳುವಾಗ ಬಾಗಿದ ಅವಳ ಬೆನ್ನಿಗೆ ನೆರೆದ ಹೆಂಗಸರೆಲ್ಲ ಗುದ್ದುತ್ತಾರೆ. ಎಷ್ಟು ಗುದ್ದು ಬಿದ್ದರೆ ಕೂಸಿಗೆ ಅಷ್ಟು ಗಟ್ಟಿ ಆಯುಷ್ಯ ಎಂದು ನಮ್ಮವರ ನಂಬಿಕೆ.

“ನಮ್ಮ ಮನ್ಯಾಗ ಹೆಸರಿಡಾಕ ಸೋದರತ್ತಿ ಇಲ್ರಿ,” ಎಂದಳು ಫಕೀರವ್ವ.

ಪೂಜ್ಯರು ಬೆರಳು ತೋರಿಸಿದ್ದು ಮಾಸ್ತರರ ಕಡೆಗೆ.

ಹೆಂಗಸರು ಮೊದಲು ಬಾಯಿ ಮುಚ್ಚಿಕೊಂಡರು, ಆಮೇಲೆ ಬಿದ್ದು ಬಿದ್ದು ನಕ್ಕರು. ಮಾಸ್ತರರು ನಗಲಿಲ್ಲ. ತೊಯ್ದ ಕೋಟು ಕಳಚಿ ಪಕ್ಕಕ್ಕಿಟ್ಟು, ಕಂಬಳಿಯ ಅಂಚಿಗೆ ಮೊಣಕಾಲೂರಿ, ಮಗುವಿನ ಕಿವಿಗೆ ಬಾಯಿ ಹಚ್ಚಿದರು. ಕಾಲೇಜಿನಲ್ಲಿ ಸಾವಿರ ಗಿಡದ ಹೆಸರು ತಡವರಿಸದೆ ಹೇಳುತ್ತಿದ್ದ ಆ ನಾಲಿಗೆ ಒಂದು ಹೆಸರಿಗೆ ನಡುಗಿತು.

“ಬಾಳವ್ವ.”

ಗುದ್ದು ಬಿದ್ದವು. ಮೆತ್ತಗಿನ ಗುದ್ದಲ್ಲ, ಕಳೆ ಕಿತ್ತು ಕಟ್ಟಿಗೆ ಒಡೆದ ಕೈಗಳ ಗುದ್ದು. ಶಿವಗಂಗವ್ವನದು ಬಿದ್ದಾಗ ಮಾಸ್ತರರ ಕನ್ನಡಕ ಹಾರಿ ಕಂಬಳಿಯಲ್ಲಿ ಬಿತ್ತು.

“ಬಾಳವ್ವ,” ಎಂದರು ಮಾಸ್ತರರು ಮತ್ತೆ. ಮತ್ತೆ ಗುದ್ದು. ಮೂರನೆಯ ಸಲ ಹೇಳಿ ಮುಗಿದ ಮೇಲೂ ಅವರು ಬೆನ್ನು ಎತ್ತಲಿಲ್ಲ. ಅವರ ಕಣ್ಣಿನಿಂದ ನೀರು ಕಂಬಳಿಗೆ ಬೀಳುತ್ತಿತ್ತು.

“ಇನ್ನೂ ಯಾರರೆ ಉಳದೀರೇನು?” ಎಂದರು. “ಬರ್ರಿ. ಈಕಿ ನೂರು ವರ್ಷ ಬಾಳಬೇಕು.”

ಹೆಸರಿಟ್ಟ ಸೋದರತ್ತೆಗೆ ಕುಪ್ಪಸದ ಕಣ ಕೊಡುವುದು ರೂಢಿ. ಫಕೀರವ್ವನ ಹತ್ತಿರ ಏನೂ ಇರಲಿಲ್ಲ. ಶಿವಗಂಗವ್ವ ತನ್ನ ಉಡಿಯಲ್ಲಿದ್ದ ಕೆಂಪಂಚಿನ ಹೊಸ ಕಣವೊಂದನ್ನು ತೆಗೆದು ಅವಳ ಕೈಗೆ ಕೊಟ್ಟಳು. ಫಕೀರವ್ವ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ಮಾಸ್ತರರ ಎರಡೂ ಅಂಗೈಗಳ ಮೇಲೆ ಇಟ್ಟಳು. ಮಾಸ್ತರರು ಕಣ್ಣಿಗೆ ಒತ್ತಿಕೊಂಡರು. ಪೂಜ್ಯರು ಮತ್ತೆ ಕಲಬತ್ತಿನ ಮುಂದೆ ಕೂತರು. ದಿನದ ಕೆಲಸ ಇನ್ನೂ ಇತ್ತು.

ಸಂಜೆಯಾಗುವ ಮೊದಲೇ ಮಾಸ್ತರರು ಗುಡ್ಡ ಇಳಿದು ನಮ್ಮ ಓಣಿಗೆ ಬಂದರು. ಒಂದು ಕಾಲಲ್ಲಿ ಬೂಟು, ಒಂದು ಕಾಲು ಬರಿಗಾಲು, ಹೆಗಲ ಮೇಲೆ ಎಲ್ಲರಿಗೂ ಕಾಣುವ ಹಾಗೆ ಹೆಣ್ಣುಮಕ್ಕಳ ಕುಪ್ಪಸದ ಕಣ. ಕಟ್ಟೆಯ ಮೇಲೆ ಕೂತಿದ್ದವರು ನಕ್ಕರು. ನಮ್ಮ ಮುತ್ತಜ್ಜ ಬಾಗಿಲಲ್ಲೇ ನಿಂತು “ಏನ್ರೀ ಮಾಸ್ತರ, ಇದೇನು ವೇಷ?” ಎಂದು ಕೇಳಿದರು.

ಶೇಷಗಿರಿರಾವ್ ಗಲಗಲಿ ಎದೆ ಉಬ್ಬಿಸಿ, ಓಣಿಗೆಲ್ಲ ಕೇಳುವಂತೆ ಹೇಳಿದರು:

“ನಾ ತೊಂಡಿಹಾಳದ ಬಾಳವ್ವನ ಸೋದರತ್ತಿರೀ, ಯಂಕಪ್ಪ.”